ಬೆಳಕು ಬಿಟ್ಟು ಹರಳಿನ ಅದುರು ಕೇಳುವುದು



ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, "ಅದೇನಪ್ಪಾ, ದಿನವೆಲ್ಲ ಕಲ್ಲಿಗೆ ಲೇಸರ್ ಬಿಡ್ತೀಯಂತೆ?" ಹೌದು, ಅದೇ ನನ್ನ ಕೆಲಸ. ಏಕೆಂದು ಹೇಳಲು ಇವತ್ತು ಹತ್ತು ನಿಮಿಷ ಕೊಟ್ಟಿದ್ದಾರೆ.

ಆ ಕಲ್ಲುಗಳಿಗೆ ಪೆರೋವ್‌ಸ್ಕೈಟ್ ಆಕ್ಸೈಡ್ ಎನ್ನುತ್ತಾರೆ. ಹೆಸರು ದೂರದ್ದು, ವಸ್ತು ಮನೆಯದೇ. ಗ್ಯಾಸ್ ಲೈಟರ್ ಒತ್ತಿದಾಗ ಟಕ್ಕನೆ ಕಿಡಿ ಹಾರಿಸುವುದು ಇಂಥದೇ ಒಂದು ತುಂಡು. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಗಳಲ್ಲಿ ನಮ್ಮೂರ ಹೆಣ್ಣುಮಕ್ಕಳು ಸರ್ಕ್ಯೂಟ್ ಬೋರ್ಡಿನ ಮೇಲೆ ದಿನವೂ ನೋಡುವ ರಾಗಿ ಕಾಳಿನಷ್ಟು ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳ ಒಳಗೆ ಹೆಚ್ಚಾಗಿ ಇರುವುದು ಬೇರಿಯಂ ಟೈಟನೇಟ್. ಕೂರಿಸುವ ಕೆಲಸ ನಮ್ಮದು, ಒಳಗಿನ ವಿದ್ಯೆ ಹೊರದೇಶದವರದು ಎಂದು ನಮ್ಮ ಮಕ್ಕಳು ನಂಬಿದ್ದಾರೆ. ನಾನು ಒಪ್ಪುವುದಿಲ್ಲ.

ಒಂದು ಘನ ನೆನೆಯಿರಿ. ಎಂಟು ಮೂಲೆಯಲ್ಲಿ ಬೇರಿಯಂ, ಆರು ಮುಖಗಳ ನಡುವೆ ಆಕ್ಸಿಜನ್, ನಟ್ಟನಡುವೆ ಟೈಟಾನಿಯಂ. ಎಲ್ಲವೂ ಅದುರುತ್ತಲೇ ಇರುತ್ತವೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಟೈಟಾನಿಯಂ ನಡುವಿನಿಂದ ಸರಿದು, ಘನ ಒಂದು ಕಡೆಗೆ ತುಸು ಉದ್ದವಾಗುತ್ತದೆ. ಆ ಆಸುಪಾಸಿನಲ್ಲಿ ಇದರ ವಿದ್ಯುತ್ ಗುಣ ಬಹಳ ಏರುಪೇರಾಗುವುದರಿಂದ ಬೇರೆ ಧಾತು ಬೆರೆಸಿ ಹದಕ್ಕೆ ತರುತ್ತಾರೆ. ಬೆರೆಸಿದ್ದು ಒಳಗೆ ಏನು ಮಾಡಿತು ಎಂದು ತಿಳಿಯಲು ಆ ಅದುರನ್ನು ಕೇಳಬೇಕು.

ಅದಕ್ಕೇ ಲೇಸರ್. ಬಿದ್ದ ಬೆಳಕು ಚದುರುವಾಗ ಹೆಚ್ಚುಕಡಿಮೆ ಎಲ್ಲವೂ ಅದೇ ಬಣ್ಣದಲ್ಲಿ ಬರುತ್ತದೆ. ಸುಮಾರು ಕೋಟಿಗೊಂದು ಕಣ ಮಾತ್ರ ಬಣ್ಣ ಬದಲಿಸುತ್ತದೆ. ಎಷ್ಟು ಬದಲಾಯಿತೋ ಅಷ್ಟು ಪರಮಾಣುಗಳ ಕಂಪನದ ಲೆಕ್ಕ. ಸಿ. ವಿ. ರಾಮನ್ ಇದನ್ನು ಕಂಡದ್ದು ಕಲ್ಕತ್ತೆಯಲ್ಲಿ. ವಿವರವಾಗಿ ಉಪನ್ಯಾಸ ಕೊಟ್ಟದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಇದು ಪಠ್ಯಪುಸ್ತಕದಲ್ಲಿದೆ. ನನಗೆ ಹೆಚ್ಚು ಇಷ್ಟವಾದದ್ದು ಅದರಲ್ಲಿಲ್ಲ. 1940ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ರಾಮನ್ ಮತ್ತು ಅವರ ವಿದ್ಯಾರ್ಥಿ ಟಿ. ಎಂ. ಕೆ. ನೆಡುಂಗಾಡಿ ಬೆಣಚುಕಲ್ಲಿನ ಹರಳನ್ನು ಕಾಯಿಸುತ್ತಾ ಹೋದರು. 573 ಡಿಗ್ರಿಯಲ್ಲಿ ಅದರ ರಚನೆ ಬದಲಾಗುತ್ತದೆ. ಅದಕ್ಕೆ ಮುಂಚೆಯೇ ಒಂದು ಕಂಪನ ಮಾತ್ರ ನಿಧಾನವಾಗುತ್ತಾ ಬಂತು. ಹಬ್ಬದಲ್ಲಿ ತಮಟೆಯ ಚರ್ಮ ಸಡಿಲವಾದರೆ ದನಿ ಇಳಿಯುತ್ತದಲ್ಲ, ಹಾಗೆ. (ತಮಟೆ ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ, ಈ ಹರಳು ಸಡಿಲವಾಗುತ್ತದೆ. ಹೋಲಿಕೆ ಅಷ್ಟಕ್ಕೇ ಸಾಕು.) ಹರಳು ಬದಲಾಗುವ ಮೊದಲೇ ಸುಳಿವು ಕೊಟ್ಟಿತ್ತು.

ಸುಮಾರು ಇಪ್ಪತ್ತು ವರ್ಷದ ಮೇಲೆ ವಿಲಿಯಂ ಕಾಕ್ರನ್ ಪೆರೋವ್‌ಸ್ಕೈಟ್‌ಗಳ ಬದಲಾವಣೆಗೂ ಇಂಥ ಸಡಿಲ ಕಂಪನವೇ ಕಾರಣ ಎಂಬ ಸಿದ್ಧಾಂತ ಕೊಟ್ಟರು. 1968ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಸ್ಟ್ರಾನ್ಷಿಯಂ ಟೈಟನೇಟ್‌ನಲ್ಲಿ ಅದನ್ನು ರಾಮನ್ ವಿಧಾನದಿಂದಲೇ ಕಂಡರು. ಈ ಹರಳು ಮೈನಸ್ 168 ಡಿಗ್ರಿಯ ಹತ್ತಿರ ಬದಲಾಗುತ್ತದೆ. ಅದಕ್ಕಿಂತ ಮೇಲೆ ಘನ ಸರಿಸಮವಾಗಿರುವುದರಿಂದ ಒಂದೊಂದೇ ಕಂಪನದ ಗೆರೆ ಕಾಣುವುದೇ ಇಲ್ಲ. ಎರಡೆರಡು ಸೇರಿದ ಮಸುಕು ಪಟ್ಟಿ ಮಾತ್ರ. ಕೆಳಗಿಳಿದಾಗ ಆಕ್ಸಿಜನ್ ಗೂಡುಗಳು ಅಕ್ಕಪಕ್ಕ ಒಂದಕ್ಕೊಂದು ವಿರುದ್ಧ ತಿರುಗುತ್ತವೆ. ಸಮತೆ ಮುರಿದು ಗೆರೆಗಳು ಮೂಡುತ್ತವೆ. ಆ ಗೆರೆ ಮೂಡುವುದನ್ನು ಕಾಯುತ್ತಾ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ.

ಟಾಟಾ ಇನ್‌ಸ್ಟಿಟ್ಯೂಟ್ ವರ್ಷಕ್ಕೊಮ್ಮೆ ಓಪನ್ ಡೇ ದಿನ ಎಲ್ಲರಿಗೂ ಬಾಗಿಲು ತೆರೆಯುತ್ತದೆ. ಮೇಷ್ಟ್ರೇ, ಹತ್ತನೆಯ ತರಗತಿಯವರನ್ನು ಕರೆದುಕೊಂಡು ಬನ್ನಿ, ಬಸ್ಸಿನ ಖರ್ಚು ನಮ್ಮ ಬ್ಯಾಚಿನದು. ಇವತ್ತಿಗೆ ಒಂದು ಬೆಣಚುಕಲ್ಲು, ಒಂದು ಚೂರು ಸ್ಟ್ರಾನ್ಷಿಯಂ ಟೈಟನೇಟ್, ಬಿಚ್ಚಿದ ಒಂದು ಲೈಟರ್ ತಂದಿದ್ದೇನೆ. ಊಟ ಆದ ಮೇಲೆ ವಿಜ್ಞಾನದ ಕೊಠಡಿಯ ಮೇಜಿನ ಮೇಲಿರುತ್ತವೆ, ಮುಟ್ಟಿ ನೋಡಿ.