ಮುಂಡ್ಕಾದಲ್ಲಿ ಇಳಿಯುವವರು



ದೆಹಲಿ ಮೆಟ್ರೊ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಕೇಂದ್ರೀಯ ಸಚಿವಾಲಯದ ನಿಲ್ದಾಣ, ಇಲ್ಲವೇ ದ್ವಾರಕೆಯ ದಾರಿ. ಕಡತ ನಂಬಿ ಬದುಕುವ ನಮ್ಮಂಥವರ ಮೆಟ್ರೊ ಅದು. ಇಂದು ನಾನು ಹಸಿರು ಮಾರ್ಗದ ಪಶ್ಚಿಮ ತುದಿಯ ಬಗ್ಗೆ ಮಾತನಾಡಬಯಸುತ್ತೇನೆ. ಅಲ್ಲೊಂದು ನಿಲ್ದಾಣದ ಹೆಸರೇ 'ಮುಂಡ್ಕಾ ಇಂಡಸ್ಟ್ರಿಯಲ್ ಏರಿಯಾ'.

ಇಂದರ್‌ಲೋಕದಿಂದ ಮುಂಡ್ಕಾವರೆಗಿನ ಮಾರ್ಗ ತೆರೆದದ್ದು 2010ರ ಏಪ್ರಿಲಿನಲ್ಲಿ. 2018ರ ಜೂನ್ 24ರಂದು ಅದು ರೋಹ್ತಕ್ ರಸ್ತೆಯ ಮೇಲೆಯೇ ಇನ್ನೂ 11 ಕಿಲೋಮೀಟರ್ ಮುಂದುವರಿದು ಹರಿಯಾಣದ ಬಹಾದುರ್‌ಗಢವನ್ನು ಮುಟ್ಟಿತು. ದಾರಿಯಲ್ಲಿ ಟಿಕ್ರಿ ಬಾರ್ಡರ್ ನಿಲ್ದಾಣವಿದೆ. 2020ರ ಚಳಿಗಾಲದಿಂದ ಒಂದು ವರ್ಷ ರೈತರು ಬೀಡುಬಿಟ್ಟಿದ್ದು ಇದೇ ಕಂಬಗಳ ನೆರಳಿನಲ್ಲಿ.

ಕಾರ್ಖಾನೆಯ ಹೆಸರು ಹೊತ್ತ ನಿಲ್ದಾಣ ಕಾರ್ಮಿಕನಿಗೆ ಎಷ್ಟರಮಟ್ಟಿಗೆ ಎಟುಕುತ್ತದೆ? ಲೆಕ್ಕ ಹಾಕೋಣ. 2025ರ ಆಗಸ್ಟ್ 25ರ ಪರಿಷ್ಕರಣೆಯಂತೆ 12ರಿಂದ 21 ಕಿಲೋಮೀಟರ್ ದೂರಕ್ಕೆ 43 ರೂಪಾಯಿ. ಹೋಗಿಬರಲು 86; ತಿಂಗಳಿಗೆ 26 ದಿನವೆಂದರೆ 2,236. ಕಾರ್ಡಿನ ಶೇಕಡ 10ರ ರಿಯಾಯಿತಿ ಕಳೆದರೂ ಎರಡು ಸಾವಿರ ದಾಟುತ್ತದೆ. ಅದೇ ವರ್ಷದ ಏಪ್ರಿಲಿನಲ್ಲಿ ದೆಹಲಿಯ ಕುಶಲರಲ್ಲದ ಕಾರ್ಮಿಕರಿಗೆ ನಿಗದಿಯಾದ ಕನಿಷ್ಠ ವೇತನ 18,456 ರೂಪಾಯಿ. ಅದು ಕಾಗದದ ಮೇಲಿನ ಸಂಖ್ಯೆ. ಕೈಗೆ ಬರುವುದು ಬೇರೆ. 2019ರ ಅಕ್ಟೋಬರ್ 29ರಂದು ದೆಹಲಿಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾಯಿತು. ಮೆಟ್ರೊಗೂ ಅದನ್ನು ವಿಸ್ತರಿಸುವ ಮಾತು ಆ ವರ್ಷವೇ ಎದ್ದು, ಅಲ್ಲೇ ನಿಂತಿತು. ಮೆಟ್ರೊ ಧರ್ಮಛತ್ರವಲ್ಲ, ಸಾಲ ತೀರಿಸಬೇಕು ಎಂಬ ವಾದವನ್ನು ನಾನು ಬಲ್ಲೆ, ಒಪ್ಪುತ್ತೇನೆ ಕೂಡ. ಆದರೆ ಹೆಚ್ಚು ದೂರದಿಂದ ಬರುವವನೇ ಬಡವನಾಗಿರುವ ಊರಿನಲ್ಲಿ ಈ ದರಪಟ್ಟಿ ಯಾರ ಮೇಲೆ ಬೀಳುತ್ತದೆಂಬುದನ್ನು ಮರೆಯಲಾಗದು.

ದರಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 2022ರ ಮೇ 13ರ ಸಂಜೆ ಮುಂಡ್ಕಾ ನಿಲ್ದಾಣದ ಸಮೀಪ, ಮೆಟ್ರೊ ಹಾದುಹೋಗುವ ಹೆದ್ದಾರಿಯ ಪಕ್ಕದಲ್ಲೇ, ಒಂದು ನಾಲ್ಕಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿತ್ತು. ಒಳಗೆ ಸಿಸಿಟಿವಿ ಕ್ಯಾಮೆರಾ ಜೋಡಿಸುವ ಕೆಲಸ ನಡೆಯುತ್ತಿತ್ತು. ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು. ಅಗ್ನಿಶಾಮಕ ಇಲಾಖೆಯ ಅನುಮತಿ ಇರಲಿಲ್ಲ. 27 ಮಂದಿ ಸತ್ತರು, ಬಹುಪಾಲು ಹೆಂಗಸರು. ಹಗ್ಗ ಹಿಡಿದು, ಕ್ರೇನ್ ಹತ್ತಿ ಪಾರಾದವರುಂಟು. ಕಣ್ಗಾವಲಿನ ಯಂತ್ರ ತಯಾರಿಸುವ ಆ ಕಟ್ಟಡದ ಮೇಲೆ ಸರ್ಕಾರದ ಕಣ್ಣು ಬಿದ್ದಿರಲಿಲ್ಲ!

ಇದರಲ್ಲಿ ಮೆಟ್ರೊ ನಿಗಮದ ತಪ್ಪೇನೂ ಇಲ್ಲ. ನಾನು ಹೇಳುವುದು ಆಡಳಿತದ ರೀತಿಯನ್ನು ಕುರಿತು. ಹಳಿಯದು ಒಂದು ಸಂಸ್ಥೆ, ಹೆದ್ದಾರಿಯದು ಇನ್ನೊಂದು. ಕಟ್ಟಡಕ್ಕೆ ನಗರಪಾಲಿಕೆ, ಬೆಂಕಿಗೆ ದೆಹಲಿ ಸರ್ಕಾರ, ಕೂಲಿಗೆ ಕಾರ್ಮಿಕ ಇಲಾಖೆ. ಒಂದೊಂದು ಮೇಜಿನ ಮೇಲೂ ಕಡತ ನಿರ್ದೋಷವಾಗಿರಬಹುದು. ಮೂವತ್ತು ವರ್ಷಗಳ ಸೇವೆಯಲ್ಲಿ ಅಂಥ ನಿರ್ದೋಷ ಕಡತಗಳನ್ನು ನಾನು ಬಹಳ ಕಂಡಿದ್ದೇನೆ. ನಿಲ್ದಾಣದ ಮೆಟ್ಟಿಲಿನಿಂದ ಕಾರ್ಖಾನೆಯ ಬಾಗಿಲವರೆಗಿನ ನಾಲ್ಕು ಹೆಜ್ಜೆ ಮಾತ್ರ ಯಾರ ಮೇಜಿಗೂ ಬರುವುದಿಲ್ಲ.

ನಮ್ಮ ನಾಡಿನಲ್ಲೂ ಇಂಥ ನಿಲ್ದಾಣವಿದೆ. ಬೆಂಗಳೂರಿನಲ್ಲಿ 2014ರ ಮಾರ್ಚ್ 1ರಂದು ತೆರೆದ 'ಪೀಣ್ಯ ಇಂಡಸ್ಟ್ರಿ'. ಅದೂ ಹಸಿರು ಮಾರ್ಗವೇ, ಅದೂ ಹೆದ್ದಾರಿಯ ಮೇಲೆಯೇ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅಲ್ಲಿ ಇಳಿಯುವವರಲ್ಲಿ ಬಿಹಾರ, ಒಡಿಶಾಗಳಿಂದ ಬಂದವರಿದ್ದಾರೆ. ಪರಸ್ಥಳದಲ್ಲಿ ಬಾಳುವ ಕಷ್ಟ ಅವರಿಗೂ ಗೊತ್ತು, ನಮಗೂ ಗೊತ್ತು. ನಮಗೆ ಸರ್ಕಾರಿ ವಸತಿಯಿತ್ತು, ಅಷ್ಟೇ ವ್ಯತ್ಯಾಸ.

ಈ ಸಭೆಯಲ್ಲಿ ನಗರಾಭಿವೃದ್ಧಿ, ಕಾರ್ಮಿಕ ಸಚಿವಾಲಯಗಳಲ್ಲಿ ದುಡಿದವರು, ದುಡಿಯುತ್ತಿರುವವರು ಇದ್ದೀರಿ. ನನ್ನ ಸೂಚನೆ ಚಿಕ್ಕದು. ಕೈಗಾರಿಕಾ ಪ್ರದೇಶದ ನಿಲ್ದಾಣಕ್ಕೆ ಮಂಜೂರಾತಿ ಕೊಡುವಾಗ, ಸುತ್ತಣ ಅರ್ಧ ಕಿಲೋಮೀಟರಿನ ಕಾಲುದಾರಿ, ಬೀದಿದೀಪ ಮತ್ತು ಕಟ್ಟಡಗಳ ಅಗ್ನಿ ತಪಾಸಣೆಯ ವರದಿಯೂ ಅದೇ ಕಡತದಲ್ಲಿರಲಿ. ಈ ಒಂದು ಟಿಪ್ಪಣಿ ಬರೆಯಲು ಹೊಸ ಕಾನೂನು ಬೇಕಾಗಿಲ್ಲ.