ಹಳ್ಳಿಯ ದೇವಾಲಯ: ಕಟ್ಟಡವೂ ಕರ್ತವ್ಯವೂ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ಎರಡು ಮಾತುಗಳು ಕೇಳಿಬರುತ್ತವೆ. ದೇವರಿಗೆ ಕೃತಜ್ಞತೆ ಸಲ್ಲಿಸೋಣ ಎಂಬುದೊಂದು. ಹಳೆಯದನ್ನು ಕೆಡವಿ ದೊಡ್ಡದನ್ನು ಕಟ್ಟೋಣ ಎಂಬುದಿನ್ನೊಂದು. ಮೊದಲನೆಯದರಲ್ಲಿ ನಾವೆಲ್ಲರೂ ಒಂದೇ. ಎರಡನೆಯದನ್ನು ನಿರ್ಧರಿಸುವ ಮುನ್ನ, ಹಳ್ಳಿಯ ದೇವಾಲಯವೆಂದರೇನು ಎಂಬುದನ್ನು ಆಲೋಚಿಸೋಣ.

ಕ್ರಿ.ಶ. 11 ಮತ್ತು 12ನೆಯ ಶತಮಾನಗಳಲ್ಲಿ ಯೂರೋಪಿನ ಹಳ್ಳಿಗಳಲ್ಲಿ ಕಲ್ಲಿನ ದೇವಾಲಯಗಳು ಎದ್ದವು. ಪ್ರಾಚೀನ ರೋಮನರ ಕಟ್ಟಡಗಳನ್ನು ಹೋಲುವುದರಿಂದ ಆ ಶೈಲಿಗೆ ರೋಮನೆಸ್ಕ್ ಎಂದು ಹೆಸರಾಯಿತು. ಅರ್ಧವೃತ್ತಾಕಾರದ ಕಮಾನು, ದಪ್ಪ ಗೋಡೆ, ಕಿರಿದಾದ ಕಿಟಕಿ ಅದರ ಲಕ್ಷಣಗಳು. ಕಲ್ಲಿನ ಕಮಾನು ಚಾವಣಿಯ ಭಾರವು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ತಡೆಯಲೆಂದೇ ಗೋಡೆ ದಪ್ಪವಾಯಿತು. ಅದರ ಗಂಟೆ ಪ್ರಾರ್ಥನೆಗೆ ಕರೆಯಿತು, ಆಪತ್ತಿನಲ್ಲಿ ಎಚ್ಚರಿಸಿತು. ಗೋಡೆಗಳೊಳಗೆ ಜನರು ಆಶ್ರಯ ಪಡೆದರು.

ಅದೇ ಕಾಲದಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ, ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕೈಟಭೇಶ್ವರ ದೇವಸ್ಥಾನಗಳು ತಲೆಯೆತ್ತಿದವು. ಇಲ್ಲಿನ ಶಿಲ್ಪಿಗಳು ಕಂಬದ ಮೇಲೆ ತೊಲೆಯಿಟ್ಟರು. ಅಲ್ಲಿನವರು ಕಮಾನು ಕಟ್ಟಿದರು. ವಿಧಾನ ಬೇರೆಯಾದರೂ ಸೇವೆಯಲ್ಲಿ ಹೋಲಿಕೆಯುಂಟು. ಬಳ್ಳಿಗಾವೆಯ ಕೋಡಿಯಮಠವು ವಿದ್ಯೆ ಕಲಿಸುವ, ದೀನರಿಗೆ ಅನ್ನವಿಡುವ, ರೋಗಿಗಳಿಗೆ ಔಷಧವೀಯುವ ಸ್ಥಳವೆಂದು 1162ರ ಶಾಸನ ಸಾರುತ್ತದೆ. ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂಬ ಸಂತ ಬೆನೆಡಿಕ್ಟರ ನಿಯಮವನ್ನು ಪಾಲಿಸಿದ ಯೂರೋಪಿನ ಮಠಗಳೂ ಇಂಥ ಸೇವೆಯನ್ನೇ ಮಾಡಿದವು.

ಹಾಗಾದರೆ ಕಟ್ಟಡ ಮುಖ್ಯವಲ್ಲವೇ? 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ತನ್ನ ಶಾಸನವನ್ನು ಪ್ರಕಟಿಸಿತು. ಶ್ರೀಸಭೆಯು ಯಾವುದೊಂದು ಶೈಲಿಯನ್ನೂ ತನ್ನದೆಂದು ಮೀಸಲಿಟ್ಟುಕೊಂಡಿಲ್ಲ. ಜನರು ಆರಾಧನೆಯಲ್ಲಿ ಸಕ್ರಿಯವಾಗಿ ಭಾಗವಹಿಸಲು ಕಟ್ಟಡವು ತಕ್ಕದ್ದಾಗಿರಲಿ ಎಂದಿತು. ಜೊತೆಗೇ, ಶತಮಾನಗಳಿಂದ ಬಂದ ಕಲಾನಿಧಿಯನ್ನು ಎಚ್ಚರದಿಂದ ಕಾಪಾಡಬೇಕೆಂದೂ ವಿಧಿಸಿತು.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಕೆಡಹುವ ಮುನ್ನ ಬಲ್ಲವರಿಂದ ಪರೀಕ್ಷೆ ಮಾಡಿಸೋಣ. ಗಾರೆಯ ಗೋಡೆಯನ್ನು ಗಾರೆಯಿಂದಲೇ ದುರಸ್ತಿ ಮಾಡಿಸೋಣ. ಸಿಮೆಂಟು ಬಳಿದರೆ ಮಲೆನಾಡಿನ ಮಳೆಯ ತೇವವು ಒಳಗೇ ನಿಂತು ಗೋಡೆಯನ್ನು ಕೆಡಿಸುತ್ತದೆ. ಸ್ಥಳ ಸಾಲದಿದ್ದರೆ ಹಳೆಯದನ್ನು ಉಳಿಸಿಕೊಂಡೇ ವಿಸ್ತರಿಸೋಣ. ಉಳಿದ ಹಣದಲ್ಲಿ ಬಡಮಕ್ಕಳ ಓದಿಗೂ ರೋಗಿಗಳ ಔಷಧಕ್ಕೂ ಒಂದು ಪಾಲನ್ನು ತೆಗೆದಿಡೋಣ.

ಸಂತ ಪೇತ್ರರು ವಿಶ್ವಾಸಿಗಳನ್ನು ಜೀವಂತ ಕಲ್ಲುಗಳೆಂದು ಕರೆದರು. ಕಮಾನಿನ ಕಲ್ಲೊಂದು ಕಳಚಿದರೆ ಉಳಿದವು ನಿಲ್ಲಲಾರವು. ಬಡ ಕುಟುಂಬವೊಂದು ನಮ್ಮಿಂದ ಕಳಚಿಹೋದರೆ ಎಷ್ಟು ದೊಡ್ಡ ದೇವಾಲಯ ಕಟ್ಟಿದರೂ ಅದು ಬಿರುಕುಬಿಟ್ಟ ದೇವಾಲಯವೇ. ಅಂಥ ಬಿರುಕು ನಮ್ಮಲ್ಲಿ ಬಾರದಿರಲೆಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.