ಸಾಲಗಾರನ ಮನೆಯ ಹೋಳಿಗೆ

(ಹಿಂಗಾರಿ ಬಿತ್ತನೆಗೆ ಮುಂಚೆ ಎರೆಹೊಲದ ಸೀಮೆಯ ಒಂದು ಹಳ್ಳಿಯಲ್ಲಿ ಕೂಡಿದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಕೂಡಿದಾಗೆಲ್ಲ ಮಾತಾಡುವುದು ಎರಡೇ ವಿಷಯ. ಒಂದು ಬೆಲೆ, ಇನ್ನೊಂದು ಸಾಲ. ಇವತ್ತೂ ಅದನ್ನೇ ಮಾತಾಡತೀನಿ. ಆದರೆ ಮಾರುಕಟ್ಟೆಯ ಕಡೆಯಿಂದ ಅಲ್ಲ, ಅಡಿಗಿ ಮನೆಯ ಕಡೆಯಿಂದ.

ಸಾಲ ಕೊಟ್ಟವನು ಹಬ್ಬದ ದಿವಸವೇ ವಸೂಲಿಗೆ ಬಂದ ಅಂತ ತಿಳೀರಿ. ಪಡಸಾಲಿಯಲ್ಲಿ ಕೂತಾನ. ಒಳಗಿನಿಂದ ಹೋಳಿಗಿ ಬೇಯೋ ವಾಸನಿ ಬರತೈತಿ. ಅವನ ಬಾಯಿಂದ ಬರುವ ಮೊದಲ ಮಾತು ಯಾವುದು? 'ಹೋಳಿಗಿ ಮಾಡಾಕ ರೊಕ್ಕ ಐತಿ, ಬಡ್ಡಿ ಕಟ್ಟಾಕ ಇಲ್ಲೇನು?' ಈ ಮಾತು ಕೇಳದ ಮನೆ ನಮ್ಮ ಸೀಮೆಯಲ್ಲಿ ಎಷ್ಟಿದ್ದಾವು ಹೇಳ್ರಿ. ಕೇಳಿದ ಯಜಮಾನ ತಲೆ ತಗ್ಗಿಸುತ್ತಾನೆ. ಮುಂದಿನ ಹಬ್ಬಕ್ಕೆ ಹೆಂಡತಿಗೆ ಹೇಳುತ್ತಾನೆ, 'ಈ ಸಲ ಏನೂ ಬ್ಯಾಡ, ಅನ್ನ ಸಾರು ಮಾಡು, ಸಾಕು.' ಕಡ್ಲಿಬ್ಯಾಳಿ ಹೊಲದ್ದು, ಬೆಲ್ಲ ಒಂದು ಕಿಲೋ. ಅದನ್ನು ಉಳಿಸಿ ಯಾರ ಸಾಲ ತೀರೇತಿ?

ಸಾಲಗಾರನಾದವನು ನಗಬಾರದು, ಉಣ್ಣಬಾರದು, ಜಾತ್ರೆಗೆ ಹೋಗಬಾರದು ಎಂಬ ಈ ತಿಳಿವಳಿಕೆಯನ್ನು ನಮ್ಮ ತಲೆಯಲ್ಲಿ ತುಂಬಿದವರು ಯಾರು? ರೈತ ಮದುವಿ ಮಾಡಿ ಕೆಟ್ಟ, ಹಬ್ಬ ಮಾಡಿ ಕೆಟ್ಟ ಎಂದು ಸಾಹುಕಾರ ಹೇಳಿದ, ಅಧಿಕಾರಿ ಬರೆದುಕೊಂಡ, ಪ್ಯಾಟಿಯವರು ತಲೆದೂಗಿದರು. ನೂರೈವತ್ತು ವರ್ಷದಿಂದ ಇದೇ ಹಾಡು. ಈ ಆಪಾದನೆಯನ್ನು ಒಮ್ಮೆ ಲೆಕ್ಕ ಹಿಡಿದು ತನಿಖೆ ಮಾಡಿದ್ದುಂಟು. ಆ ಸಂಗತಿ ನಿಮಗೆ ಗೊತ್ತಿರಬೇಕು.

೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾ ಎಂಬ ಊರಿನಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲದ ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಸುಟ್ಟರು. ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಆ ದಂಗೆ ಹಬ್ಬಿತು. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದೇ ಮುಂಬಯಿ ಸರಕಾರದ ಕೆಳಗೆ ಇದ್ದವು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿದ್ದಾಗ, ೧೮೬೧ರಿಂದ ೧೮೬೫ರವರೆಗೆ, ಇಲ್ಲಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಸಾಲ ಕೊಡುವವರು ಮನೆಯ ತನಕ ಬರತಿದ್ದರು. ಯುದ್ಧ ಮುಗಿಯಿತು, ಬೆಲೆ ಬಿತ್ತು, ಕಂದಾಯ ಮಾತ್ರ ಏರಿತು. ಈ ಕಥೆಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಹತ್ತಿಯ ಜಾಗದಲ್ಲಿ ಉಳ್ಳಾಗಡ್ಡಿ ಅಂತ ಓದಿಕೊಂಡರೆ ಆತು.

ಆಗ ಬ್ರಿಟಿಷ್ ಸರಕಾರ ಒಂದು ಆಯೋಗ ನೇಮಿಸಿತು. ಆ ಆಯೋಗ ತನ್ನ ವರದಿಯಲ್ಲಿ ಏನು ಹೇಳಿತು? ಮದುವೆ, ಹಬ್ಬದ ಖರ್ಚೇ ರೈತನ ಸಾಲಕ್ಕೆ ಕಾರಣ ಎಂಬುದನ್ನು ಅಳತೆ ಮೀರಿ ದೊಡ್ಡದು ಮಾಡಲಾಗಿದೆ; ಆ ಖರ್ಚು ಅವನ ಶಕ್ತಿಗೆ ಮೀರಿದ್ದು ಎಂದು ಕಂಡರೂ ಅಂಥ ಸಂದರ್ಭ ಬರುವುದು ಅಪರೂಪ; ಹಲವು ವರ್ಷದ್ದು ಕೂಡಿಸಿ ನೋಡಿದರೆ, ಅವನ ಸ್ಥಿತಿಯಲ್ಲಿರುವ ಮನುಷ್ಯ ಸಂಸಾರದ ಸುಖ, ಬಂಧುಬಳಗದ ಸುಖಕ್ಕೆ ನ್ಯಾಯವಾಗಿ ಖರ್ಚು ಮಾಡಬಹುದಾದಷ್ಟೇ ಅದು, ಹೆಚ್ಚಲ್ಲ. ಇದು ವರದಿಯ ತಾತ್ಪರ್ಯ. ಬ್ರಿಟಿಷರೇನು ನಮ್ಮ ಬೀಗರಲ್ಲ, ನಮ್ಮ ಪರ ವಾದ ಮಾಡಬೇಕಾದ ಹರಕತ್ತೂ ಅವರಿಗೆ ಇರಲಿಲ್ಲ. ಅಂಥವರ ಆಯೋಗವೇ, ರೈತನಿಗೂ ಸುಖಕ್ಕೆ ಇಷ್ಟು ಅಂತ ಖರ್ಚು ಮಾಡುವ ನ್ಯಾಯ ಐತಿ ಅಂತ ಬರೆದಿಟ್ಟಿತು. ಆದರೆ ಇವತ್ತಿಗೂ ನಮ್ಮ ಪಡಸಾಲಿಯಲ್ಲಿ ಕೂತವನು ಹೋಳಿಗೆ ಕಡೆ ಬೆರಳು ತೋರಿಸತಾನ.

ಇವತ್ತಿನ ಲೆಕ್ಕಕ್ಕೆ ಬರೋಣ. ಕೇಂದ್ರ ಸರಕಾರ ೨೦೧೯ರಲ್ಲಿ ಮಾಡಿಸಿದ ಸಮೀಕ್ಷೆಯ ಪ್ರಕಾರ ದೇಶದ ರೈತ ಕುಟುಂಬಗಳಲ್ಲಿ ಅರ್ಧಕ್ಕರ್ಧ ಸಾಲದಲ್ಲಿವೆ. ಸಾಲ ಇದ್ದವರು ಇಲ್ಲದವರು ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದರೆ ಒಂದು ಕುಟುಂಬದ ಮೇಲೆ ೭೪,೧೨೧ ರೂಪಾಯಿ. ಈಗ ಒಂದು ಹಬ್ಬದ ಹೋಳಿಗೆಗೆ ಬ್ಯಾಳಿ, ಬೆಲ್ಲ, ಎಣ್ಣಿ ಎಲ್ಲ ಹಿಡಿದು ನಾನ್ನೂರು ರೂಪಾಯಿ ಅನ್ನೋಣ. ಎರಡು ಎಕರೆಯಲ್ಲಿ ನೂರು ಕ್ವಿಂಟಲ್ ಉಳ್ಳಾಗಡ್ಡಿ ಬೆಳೆದವನಿಗೆ ಕ್ವಿಂಟಲ್ಲಿಗೆ ಐದುನೂರು ಇಳಿಯಿತು ಅಂದರೆ ಐವತ್ತು ಸಾವಿರ ಹೋಯಿತು. ನೂರಾ ಇಪ್ಪತ್ತೈದು ಹಬ್ಬದ ಹೋಳಿಗೆ ಒಂದೇ ಮುಂಜಾನೆ ಹೋಯಿತು. ೨೦೨೩ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ರಫ್ತು ನಿಲ್ಲಿಸಿ ೨೦೨೪ರ ಮೇ ತನಕ ಹಿಡಿದಿಟ್ಟರಲ್ಲ, ಅವತ್ತು ದಿಲ್ಲಿಯಲ್ಲಿ ಕಾಗದಕ್ಕೆ ರುಜು ಹಾಕಿದವರು ಯಾರ ಮನೆಯ ಹೋಳಿಗೆಯ ಲೆಕ್ಕ ಕೇಳಿದರು?

ಹಾಗಂತ ಮದುವಿಯ ಆಡಂಬರಕ್ಕೆ ನಾನು ಪರವಾನಗಿ ಕೊಡುತ್ತಿದ್ದೇನೆ ಅಂತ ತಿಳೀಬ್ಯಾಡ್ರಿ. ಹೊಲ ಒತ್ತೆ ಹಾಕಿ ಕಲ್ಯಾಣ ಮಂಟಪ, ಡಿಜೆ, ಅಗಸಿಯಿಂದ ಬಸ್‌ಸ್ಟ್ಯಾಂಡಿನ ತನಕ ಫ್ಲೆಕ್ಸು. ಅದರಲ್ಲಿ ಯಾರಿಗೆ ಸುಖ? ಹೆಣ್ಣಿನ ಅಪ್ಪನಿಗೆ ಊಟವೇ ಗಂಟಲಲ್ಲಿ ಇಳಿಯೋದಿಲ್ಲ. ಅದು ಮಂದಿಯ ಕಣ್ಣಿಗೆ ಮಾಡಿದ್ದು. ನಾನು ಹೇಳುವುದು ಸಣ್ಣ ಸುಖದ ಮಾತು, ನಮ್ಮ ನಾಲಿಗೆಗೆ, ನಮ್ಮ ಮನಸ್ಸಿಗೆ ತಾಗುವಂಥದ್ದು, ಸಾಲ ಮಾಡದೆ ಸಿಗುವಂಥದ್ದು.

ನಮ್ಮ ವರ್ಷವನ್ನೇ ನೋಡ್ರಿ, ಹಿರಿಯರು ಹೆಂಗ ಕಟ್ಟ್ಯಾರ ಅದನ್ನ. ಮುಂಗಾರಿ ಶುರುವಾಗೋದರಾಗ ಕಾರಹುಣ್ಣಿಮಿ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆಗೆ ಕರಿ ಹರೀತೀವಿ. ಬಿಳಿ ಎತ್ತು ಮುಂದ ಬಂದರ ಹಿಂಗಾರಿ ಚಲೋ, ಕೆಂದೆತ್ತು ಬಂದರ ಮುಂಗಾರಿ ಚಲೋ. ನಂಬೋರು ನಂಬ್ರಿ, ಬಿಡೋರು ಬಿಡ್ರಿ. ಆ ಒಂದು ತಾಸು ಊರಿಗೆ ಊರೇ ಬಡ್ಡಿ ಮರೆತು ಎತ್ತಿನ ಬಣ್ಣ ನೋಡತೈತಿ, ಅದು ಸುಳ್ಳಲ್ಲ. ಅದಾಗಿ ಹದಿನೈದು ದಿವಸಕ್ಕೆ ಮಣ್ಣೆತ್ತಿನ ಅಮಾಸಿ. ಎತ್ತು ಮಾರಿ ಬಾಡಿಗಿ ಟ್ರ್ಯಾಕ್ಟರ್ ಹಿಡಿದವನ ಮನೆಯ ಜಗಲಿಯ ಮೇಲೂ ಅವತ್ತು ಎರಡು ಎತ್ತು ನಿಲ್ಲತಾವ, ಕೆರಿಮಣ್ಣಿನವು. ಎತ್ತಿಲ್ಲದವನಿಗೂ ಎತ್ತಿನ ಹಬ್ಬ ತಪ್ಪಬಾರದು ಅಂತ ಎಂದೋ ಯಾರೋ ಯೋಚನೆ ಮಾಡಿಟ್ಟಾರ.

ಪಂಚಮಿಗೆ ಜೋಕಾಲಿ, ಅಳ್ಳು, ಉಂಡಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಇಲ್ಲಿ ಒಂದು ಮಾತು ಹೇಳಬೇಕು. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿಗೆ ಟಿಕೀಟು ರೊಕ್ಕ ಇಲ್ಲ. ಗಂಡಸರು ಅದನ್ನು ಆಡಿಕೊಳ್ಳುವುದನ್ನು ಈ ಕಟ್ಟೆಯ ಮೇಲೆಯೇ ಕೇಳೇನಿ. ತವರಿಗೆ ಹೋಗಾಕ, ತಾಯಿ ಮಾರಿ ನೋಡಾಕ ಗಂಡನ ಕಿಸೆ ನೋಡಬೇಕಾಗಿದ್ದ ಹೆಣ್ಣುಮಗಳನ್ನು ಒಮ್ಮೆ ಕೇಳ್ರಿ, ಆಮೇಲೆ ಆಡಿಕೊಳ್ಳ್ರಿ.

ಶೀಗಿಹುಣ್ಣಿಮಿಗೆ ಭೂಮಿತಾಯಿ ಬಸುರಿ, ಆಕೆಗೆ ಬಯಕೆಯ ಊಟ. ಎಳ್ಳಮಾಸಿಗೆ ಮನೆ ಮಂದಿಯೆಲ್ಲ ಹೊಲಕ್ಕೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಪುಂಡಿಪಲ್ಯೆ, ಶೇಂಗಾ ಹೋಳಿಗಿ, ಗಡಿಗಿ ಮೊಸರು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ, ಹೊಲದ ತುಂಬ ಚರಗ. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ಬರಗಾಲದವು ಎಂದು ಸರಕಾರವೇ ಸಾರಿತ್ತು. ಇಂಥ ವರ್ಷ ಚರಗ ಏತಕ್ಕೆ ಅಂತ ಕೇಳೋರು ಇದ್ದರು. ಕೈಯಾಗಿನ ತುತ್ತನ್ನು ಒಣಗಿದ ಹೊಲಕ್ಕೆ ಚೆಲ್ಲುವವನು, ಬರುವ ವರ್ಷವೂ ಈ ಹೊಲ ನನ್ನದು, ನಾನೂ ಇರತೀನಿ ಅಂತ ಹೇಳಿದ ಹಂಗಲ್ಲೇನು?

ಇನ್ನು ಸೀತನಿ. ಈ ಮಾತಿಗೆ ನಾನು ಸ್ವಲ್ಪ ಹೊತ್ತು ತಗೋತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ಬಿಳಿಜೋಳ ಹಾಲುಗಾಳು ದಾಟಿ ಇನ್ನೂ ಗಟ್ಟಿಯಾಗದೆ ಇರುವ ಕೆಲವೇ ದಿವಸ ಅದು. ಹೊಲದಾಗ ಕುಣಿ ತೋಡಿ, ಕುಳ್ಳು ಹೊತ್ತಿಸಿ, ಕೆಂಡದ ಬೂದಿಯಲ್ಲಿ ತೆನಿ ಹುಗಿದು, ಬಿಸಿ ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲವೋ ಶೇಂಗಾ ಹಿಂಡಿಯೋ ಹಚ್ಚಿಕೊಂಡು ತಿನ್ನೋದು. ಆರಿದರೆ ರುಚಿ ಹೋಯಿತು. ಕಟ್ಟಿ ಹುಬ್ಬಳ್ಳಿಗೆ ಕಳಿಸಲಿಕ್ಕೆ ಬರೋದಿಲ್ಲ, ಕೋಲ್ಡ್ ಸ್ಟೋರೇಜಿನಲ್ಲಿ ಇಡಲಿಕ್ಕೆ ಬರೋದಿಲ್ಲ. ಕೋಟಿ ರೂಪಾಯಿ ಇದ್ದವನೂ ಸೀತನಿ ತಿನ್ನಬೇಕಾದರೆ ಚಳಿಗಾಲದಾಗ ಯಾವನೋ ರೈತನ ಹೊಲಕ್ಕೆ ಬಂದು ಬೂದಿಯ ಮುಂದೆ ಕುಂಡ್ರಬೇಕು. ಇಷ್ಟು ದೊಡ್ಡಸ್ತಿಕೆ ಬೇರೆ ಯಾವ ಕಸುಬಿನಾಗ ಐತಿ?

ಅದೇ ಹೊತ್ತಿಗೆ ಬಾದಾಮಿಯ ಹತ್ತಿರ ಬನಶಂಕರಿ ಜಾತ್ರಿ. ಬನದ ಹುಣ್ಣಿಮಿಗೆ ತೇರು, ಆಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು. ನಾಟಕ ನೋಡಾಕ ಅಂತಲೇ ಬುತ್ತಿ ಕಟ್ಟಿಕೊಂಡು ಹೋಗೋ ಮಂದಿ ಇನ್ನೂ ಇದ್ದಾರ. ಟೀವಿ ಬಂತು, ಮೊಬೈಲು ಬಂತು, ಆ ಟೆಂಟು ಇನ್ನೂ ನಿಂತೈತಿ.

ಇವೆಲ್ಲವನ್ನೂ ಏಕೆ ಎಣಿಸಿದೆ ಅಂದರೆ, ಇವುಗಳಲ್ಲಿ ಒಂದಾದರೂ ಎಪಿಎಂಸಿಯ ದರ ಕೇಳಿ ಬರೋದಿಲ್ಲ. ಹುಣ್ಣಿಮಿ ಬಂದರ ಬಂತು, ತೆನಿ ಹಾಲುಗಟ್ಟಿದರ ಸೀತನಿ ಬಂತು. ನಾವು ಈಗೀಗ ಏನು ಕಲಿತೇವಿ? ನಮ್ಮ ಎಲ್ಲ ಆಸೆಯನ್ನೂ ಒಯ್ದು ದರಕ್ಕೆ ಗಂಟು ಹಾಕುತ್ತೇವೆ. 'ಮೆಣಸಿನಕಾಯಿಗೆ ರೇಟು ಬಂದರ ಹೆಂಡತಿಗೆ ಬೋರಮಾಳ, ರೇಟು ಬಂದರ ಮನಿಗೆ ಸುಣ್ಣ, ರೇಟು ಬಂದರ ಮಕ್ಕಳನ್ನ ಜಾತ್ರಿಗೆ.' ೨೦೨೪ರ ಮಾರ್ಚ್ ೧೧ರಂದು ಬ್ಯಾಡಗಿಯಲ್ಲಿ ದರ ಕುಸಿದು ಆ ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದದ್ದು ನೆನಪಿರಬೇಕು. ಅವತ್ತು ಎಷ್ಟು ಮನೆಯಲ್ಲಿ ಬೋರಮಾಳವೂ ಹೋಯಿತು, ಸುಣ್ಣವೂ ಹೋಯಿತು, ಜಾತ್ರೆಯೂ ಹೋಯಿತು! ಬೋರಮಾಳ ದರದ ಮೇಲೆ ಇರಲಿ, ಒಪ್ಪುತ್ತೇನೆ. ಮಕ್ಕಳ ಜಾತ್ರೆಯನ್ನು ಅದರ ಕೊರಳಿಗೆ ಕಟ್ಟಬ್ಯಾಡ್ರಿ.

ದರಕ್ಕಾಗಿ ಹೋರಾಡೋದನ್ನ ಬಿಟ್ಟು ಹೋಳಿಗಿ ತಿಂದು ಮಲಗ್ರಿ ಅಂತ ಅಲ್ಲ. ಮೋರ್ಚಾಕ್ಕೆ ಬರೋನು ಹೊಟ್ಟೆ ತುಂಬ ಉಂಡು, ಮನೆಯವರ ಜೊತೆ ನಕ್ಕು ಬಂದಿರಬೇಕು. ಮನಸ್ಸು ಸತ್ತವನು ನಾಲ್ಕು ಹೆಜ್ಜೆ ಕೂಡ ಬರೋದಿಲ್ಲ.

ಈಗ ಒಂದು ಕಷ್ಟದ ಮಾತು. ೨೦೧೫ರ ಒಂದೇ ವರ್ಷ ನಮ್ಮ ರಾಜ್ಯದಲ್ಲಿ ಬೇಸಾಯ ಮತ್ತು ಹೊಲದ ಕೂಲಿಯನ್ನು ನಂಬಿದ ೧,೫೬೯ ಮಂದಿ ತಾವಾಗಿ ಜೀವ ಕಳೆದುಕೊಂಡರೆಂದು ಸರಕಾರಿ ದಾಖಲೆ ಹೇಳುತ್ತದೆ. ಹಬ್ಬ ಮಾಡಿದ್ದರೆ ಅವರೆಲ್ಲ ಉಳೀತಿದ್ದರು ಅಂತ ಹೇಳುವಷ್ಟು ಹುಡುಗಾಟದವನಲ್ಲ ನಾನು. ಸಾಲ, ಮಳೆ, ದರ, ಮನೆಯ ತಾಪತ್ರಯ, ಎಲ್ಲ ಸೇರಿರತಾವ. ಆದರೆ ನೋಟೀಸು ಬಂದ ಮನುಷ್ಯ ಮೊದಲು ಬಿಡೋದು ಏನನ್ನ? ಕಟ್ಟೆಗೆ ಬರೋದು ಬಿಡತಾನ. ಮದುವಿ ಊಟಕ್ಕ ಬರೋದು ಬಿಡತಾನ. ಕಾರಹುಣ್ಣಿಮಿಗೆ ಎತ್ತು ತೊಳೆಯೋದು ಬಿಡತಾನ. ಹೊಲಕ್ಕ ಒಬ್ಬನೇ ಹೋಗತಾನ, ಹೊತ್ತು ಮುಳುಗಿದ ಮೇಲೆ ಬರತಾನ. ಊರು ಅದನ್ನು ನೋಡತೈತಿ, ಸುಮ್ಮನಿರತೈತಿ. ನಮ್ಮ ನಮ್ಮ ಓಣಿಯಲ್ಲಿ ಅಂಥವರು ಯಾರು ಅಂತ ಈಗಲೇ ನಿಮ್ಮ ಮನಸ್ಸಿಗೆ ಬಂದಿರಬೇಕು.

ಅಂಥವನ ಮನೆಗೆ ಹೋಗ್ರಿ. ಸಾಲದ ಮಾತು ಅವತ್ತು ಎತ್ತಬ್ಯಾಡ್ರಿ. 'ಎಳ್ಳಮಾಸಿಗೆ ನಿಮ್ಮ ಬುತ್ತಿ ನಮ್ಮ ಹೊಲದಾಗ ಬಿಚ್ಚೋಣು, ಅಕ್ಕಾರನ್ನ ಮಕ್ಕಳನ್ನ ಕರಕೊಂಡು ಬಾ ಅಣ್ಣ' ಅನ್ರಿ. ಒಲ್ಲೆ ಅಂದರ ಎರಡನೇ ಸಲ ಹೋಗ್ರಿ. ನನಗೆ ಇನ್ನು ಏನೂ ಬ್ಯಾಡ ಅನ್ನೋ ಧಾಟಿಯ ಮಾತು ಅವನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಟ್ಟು ಬರಬ್ಯಾಡ್ರಿ. ಜೀವ ಬ್ಯಾಡಾಗೇತೇನು ಅಂತ ಬಾಯಿಬಿಟ್ಟು ಕೇಳ್ರಿ, ಮನೆಯವರಿಗೆ ತಿಳಿಸ್ರಿ, ದವಾಖಾನಿಗೆ ನೀವೇ ಜೊತೆಗೆ ಹೋಗ್ರಿ. ೧೪೪೧೬ ಅಂತ ಸರಕಾರದ ಟೆಲಿಮಾನಸ್ ಸಹಾಯವಾಣಿ ಐತಿ, ಹಗಲು ರಾತ್ರಿ, ರೊಕ್ಕ ಇಲ್ಲದೆ, ಕನ್ನಡದಲ್ಲೇ ಮಾತಾಡತಾರ. ಹತ್ತು ಮಂದಿಯ ಫೋನಿನಾಗ ಆ ನಂಬರು ಇರಲಿ.

ಸಣ್ಣ ಸುಖ ಅಂದ ಕೂಡಲೇ ಕೆಲವರಿಗೆ ಬಾಟ್ಲಿ ನೆನಪಾಗತೈತಿ. ೨೦೦೭ರ ಜುಲೈಯಲ್ಲಿ ಸಾರಾಯಿ ನಿಂತಿತು, ಕುಡಿಯೋದೇನು ನಿಲ್ಲಲಿಲ್ಲ. ಈಗ ಹುಡುಗರ ಕೈಯಲ್ಲಿ ಮೊಬೈಲು, ಅದರಾಗ ಪಣದ ಆಟ. ೨೦೨೫ರಲ್ಲಿ ಕೇಂದ್ರ ಕಾನೂನು ಬಂತು, ಕ್ರಿಕೆಟ್ ಬೆಟ್ಟಿಂಗು ಹಳ್ಳಿಯಿಂದ ಹೋಗೇತೇನು? ಮರುದಿನ ಮನೆಯವರ ಕಣ್ಣು ತಪ್ಪಿಸಿ ತಿರುಗಬೇಕಾದದ್ದನ್ನು ನಾನು ಸುಖದ ಲೆಕ್ಕಕ್ಕೆ ಸೇರಿಸೋದಿಲ್ಲ. ಅದರ ಬಗ್ಗೆ ತಾಯಂದಿರು ನನಗಿಂತ ಚಲೋ ಭಾಷಣ ಮಾಡತಾರ, ಅವರಿಗೆ ಬಿಡತೀನಿ.

ಕಡೆಗೆ ಹೊಲದ ಮಾತು. ನಮ್ಮ ಹೊಲದಿಂದಲೇ ಸುಖ ಹೋಗಿದ್ದು ಹೆಂಗ? ಮೊದಲು ಹತ್ತಿಯ ಹೊಲಕ್ಕೆ ಹೋದರೆ ಅಕ್ಕಡಿಯಲ್ಲಿ ಅಲಸಂದಿ, ಸೌತಿಕಾಯಿ, ಪುಂಡಿ, ಗುರೆಳ್ಳು, ಹೆಸರು. ಕಳೆ ತೆಗೆಯೋ ಹೆಣ್ಣುಮಕ್ಕಳ ಉಡಿ ತುಂಬತಿತ್ತು, ಹುಡುಗರ ಬಾಯಿ ಆಡತಿತ್ತು. ೨೦೦೨ರಲ್ಲಿ ಬಿಟಿ ಹತ್ತಿ ಬಂತು, ಆಮೇಲೆ ಕಳೆ ಎಣ್ಣಿ ಬಂತು, ಅಕ್ಕಡಿ ಹೋಯಿತು. ಈಗ ಹತ್ತು ಎಕರೆ ಹೊಲದಾಗ ದಿನವೆಲ್ಲ ದುಡಿದರೂ ಬಾಯಿಗೆ ಹಾಕೋವಂಥದ್ದು ಒಂದು ಕಾಳು ಸಿಗೋದಿಲ್ಲ. ಮನೆಗೆ ಬರುವಾಗ ಅಂಗಡಿಯಿಂದ ಪುಡಿಕೆ ಕಟ್ಟಿಸಿಕೊಂಡು ಬರತೀವಿ, ಅದೂ ಉದ್ರಿ.

ಹಿಂಗಾರಿ ಬಿತ್ತನೆಗೆ ಇನ್ನು ಹದಿನೈದು ದಿವಸ. ಕಡ್ಲಿಯ ಹೊಲದಾಗ ಕುಸುಬಿ ಅಕ್ಕಡಿ ಹಾಕ್ರಿ, ಎಳೆ ಸೊಪ್ಪು ಪಲ್ಯೆಗೆ ಆಗತೈತಿ. ಬಿಳಿಜೋಳದ ಹೊಲದಾಗ ನಾಲ್ಕು ಸಾಲು ಸೀತನಿ ಜೋಳ ಬಿತ್ತ್ರಿ, ಅದರದು ತಳಿಯೇ ಬೇರೆ, ಮಾರೋ ಜೋಳಕ್ಕೆ ಆ ಸಿಹಿ ಇಲ್ಲ. ದಾರಿ ಮಗ್ಗಲು ಬಿತ್ತಬ್ಯಾಡ್ರಿ, ನಡುಹೊಲದಾಗ ಬಿತ್ತ್ರಿ. ದಾರಿ ಮಗ್ಗಲು ಬಿತ್ತಿದರ ಗಿಳಿಗಿಂತ ಮೊದಲು ನಮ್ಮ ಪಂಚಾಯತಿ ಮೆಂಬರುಗಳೇ ಮುಗಿಸತಾರ. ಬೀಜ ನನ್ನ ಮನೆಯಲ್ಲಿ ಐತಿ, ತೆನಿ ಸಮೇತ ಕಟ್ಟಿ ತೂಗಹಾಕೇನಿ. ಸಭೆ ಮುಗಿದ ಮೇಲೆ ಬರ್ರಿ, ಒಬ್ಬರಿಗೆ ಒಂದು ಬೊಗಸಿ. ರೊಕ್ಕ ಬ್ಯಾಡ. ಬರೋ ವರ್ಷ ಎರಡು ಬೊಗಸಿ ತಿರುಗಿ ಕೊಟ್ಟರೆ ಸಾಕು, ಒಂದು ನನಗ, ಒಂದು ಇವತ್ತು ಸಭೆಗೆ ಬರದೆ ಮನೆಯಾಗ ಕೂತವನಿಗೆ. ಇದಕ್ಕೂ ಬಡ್ಡಿ ಹಾಕಿದ ಅಂತ ಮತ್ತ ಹೇಳಿಕೋತ ತಿರುಗಬ್ಯಾಡ್ರಿ.